ಪಕ್ಷಿಯ ಹೆಸರು, ಪಕ್ಷಿಯ ನೆಲೆ

ದೂರದೇಶದಲ್ಲಿ ಅಪರಿಚಿತ ಪಕ್ಷಿಯೊಂದನ್ನು ಕಂಡ ಪ್ರವಾಸಿಯು ಇಂದು ಅದರ ಛಾಯಾಚಿತ್ರವನ್ನು ತಜ್ಞರಿಗೆ ತೋರಿಸಿ ಹೆಸರನ್ನು ತಿಳಿದುಕೊಳ್ಳಬಹುದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಸೌಕರ್ಯವಿರಲಿಲ್ಲ. ಪಕ್ಷಿಯನ್ನು ಹೊಡೆದು, ಚರ್ಮವನ್ನು ಸುಲಿದು ಒಣಗಿಸಿ, ಹಡಗಿನಲ್ಲಿ ಯೂರೋಪಿಗೆ ಕಳುಹಿಸಬೇಕಾಗಿತ್ತು. ವಸ್ತುಸಂಗ್ರಹಾಲಯದ ವಿದ್ವಾಂಸರು ಅದನ್ನು ಪರೀಕ್ಷಿಸಿ ಹೆಸರಿಡುತ್ತಿದ್ದರು. ಇಂತಹ ಸಂಗ್ರಹಕಾರ್ಯವನ್ನೇ ಜೀವನೋಪಾಯವಾಗಿ ಕೈಗೊಂಡು ಜಗದ್ವಿಖ್ಯಾತನಾದವನು ಆಲ್‌ಫ್ರೆಡ್ ರಸೆಲ್ ವ್ಯಾಲೇಸ್.

ವ್ಯಾಲೇಸನು 1823ರ ಜನವರಿ 8ರಂದು ವೇಲ್ಸ್ ಪ್ರಾಂತದ ಅಸ್ಕ್ ಎಂಬ ಊರಿನ ಬಳಿ ಜನಿಸಿದನು. ಮನೆಯ ಬಡತನದಿಂದಾಗಿ ಎಳೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟು, ಅಣ್ಣನೊಡನೆ ಭೂಮಾಪನದ ಕೆಲಸಕ್ಕೆ ಸೇರಿದನು. 1848ರಲ್ಲಿ ಗೆಳೆಯ ಬೇಟ್ಸನೊಡನೆ ಅಮೆಜಾನ್ ಅರಣ್ಯಕ್ಕೆ ತೆರಳಿ, ನಾಲ್ಕು ವರ್ಷ ಪಕ್ಷಿ, ಕೀಟಗಳನ್ನು ಸಂಗ್ರಹಿಸಿದನು.

1852ರಲ್ಲಿ ಅವನು ಸ್ವದೇಶಕ್ಕೆ ಮರಳುತ್ತಿದ್ದಾಗ ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದಿತು. ಅವನ ಕೈಗೆ ದಕ್ಕಿದುದು ಕೆಲವು ರೇಖಾಚಿತ್ರಗಳೂ ಟಿಪ್ಪಣಿಗಳೂ ಇದ್ದ ಒಂದು ತಗಡಿನ ಪೆಟ್ಟಿಗೆ ಮಾತ್ರ. ಅವನೊಡನಿದ್ದ ಅಮೂಲ್ಯ ಸಂಗ್ರಹವೆಲ್ಲವೂ ಕಣ್ಣೆದುರಿಗೇ ಭಸ್ಮವಾಯಿತು. ಹತ್ತು ದಿನಗಳ ಕಾಲ ತೆರೆದ ದೋಣಿಯಲ್ಲಿ ಬಿಸಿಲು, ಬಾಯಾರಿಕೆಗಳನ್ನು ಸಹಿಸಿದ ಬಳಿಕ ಬೇರೊಂದು ಹಡಗು ಅವನನ್ನು ರಕ್ಷಿಸಿತು.

ವ್ಯಾಲೇಸನು ಎದೆಗುಂದಲಿಲ್ಲ. ಅದೇ ವರ್ಷ ಅಮೆಜಾನಿನ ಕಪಿಗಳನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದನು. ಸಂಗ್ರಹಾಲಯದ ಚೀಟಿಗಳಲ್ಲಿ ಕೇವಲ ದೇಶದ ಹೆಸರನ್ನು ಬರೆದರೆ ಸಾಲದು. ಪ್ರಾಣಿಯು ನದಿಯ ಯಾವ ದಡದಲ್ಲಿ ದೊರೆಯಿತೆಂಬುದೂ ತಿಳಿದಿರಬೇಕು ಎಂಬುದು ಅವನ ವಾದವಾಗಿತ್ತು.

1854ರಿಂದ 1862ರವರೆಗೆ ಅವನು ಮಲಯ ದ್ವೀಪಸಮೂಹದಲ್ಲಿ ಸಂಚರಿಸಿದನು. ಒಟ್ಟು 1,25,660 ಮಾದರಿಗಳನ್ನು ಸಂಗ್ರಹಿಸಿದನು. ಅವುಗಳಲ್ಲಿ 8,050 ಪಕ್ಷಿಗಳಿದ್ದವು. 1856ರಲ್ಲಿ ಬಾಲಿ ದ್ವೀಪದಿಂದ ಲೊಂಬೊಕ್ ದ್ವೀಪಕ್ಕೆ ಹೋದಾಗ ಅವನಿಗೆ ಅಚ್ಚರಿಯೊಂದು ಕಾದಿತ್ತು. ನಡುವೆ ಇದ್ದುದು ಕಿರಿದಾದ ಜಲಸಂಧಿ. ಆದರೆ ಬಾಲಿಯಲ್ಲಿ ಕಂಡ ಕುಟ್ರುಹಕ್ಕಿ, ಮರಕುಟಿಗಗಳು ಲೊಂಬೊಕ್‌ನಲ್ಲಿ ಅವನ ಕಣ್ಣಿಗೆ ಬೀಳಲಿಲ್ಲ. ಬದಲಾಗಿ ಆಸ್ಟ್ರೇಲಿಯದ ಕಡೆಯ ಬಿಳಿಯ ಕಾಕಟೂ ಗಿಳಿಗಳು ಕಂಡವು. ಏಷ್ಯದ ಜೀವಿಗಳನ್ನೂ ಆಸ್ಟ್ರೇಲಿಯದ ಕಡೆಯ ಜೀವಿಗಳನ್ನೂ ಬೇರ್ಪಡಿಸುವ ಈ ಗಡಿಯೇ ಮುಂದೆ ವ್ಯಾಲೇಸ್ ರೇಖೆ ಎಂದು ಪ್ರಸಿದ್ಧವಾಯಿತು. ಚೀಟಿಯ ಮೇಲೆ ಸ್ಥಳವನ್ನು ಬರೆಯುವ ಶಿಸ್ತಿನ ಮಹತ್ವ ಇಲ್ಲಿ ಸ್ಪಷ್ಟವಾಯಿತು.

1858ರಲ್ಲಿ ಬಚಾನ್ ದ್ವೀಪದಲ್ಲಿದ್ದಾಗ, ಅವನ ಸಹಾಯಕನಾದ ಅಲಿ ಎಂಬ ಮಲಯ ತರುಣನು ವಿಚಿತ್ರ ಪಕ್ಷಿಯೊಂದನ್ನು ಬೇಟೆಯಾಡಿ ತಂದನು. ಅದರ ಎದೆಯ ಮೇಲೆ ಹೊಳೆಯುವ ಹಸಿರು ಗರಿಗಳು. ಪ್ರತಿ ರೆಕ್ಕೆಯಿಂದಲೂ ಹೊರಚಾಚಿದ ಎರಡೆರಡು ನೀಳವಾದ ಬಿಳಿಯ ಗರಿಗಳು. ಅದು ಅದುವರೆಗೆ ವಿಜ್ಞಾನಕ್ಕೆ ಅರಿಯದಿದ್ದ ಸ್ವರ್ಗಪಕ್ಷಿಯೆಂದು ವ್ಯಾಲೇಸನು ಗುರುತಿಸಿದನು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಎಂಬ ವಿದ್ವಾಂಸನು 1859ರಲ್ಲಿ ಅದಕ್ಕೆ ವ್ಯಾಲೇಸನ ಹೆಸರನ್ನಿಟ್ಟನು. ಪಕ್ಷಿಯ ಹೆಸರಿನಲ್ಲಿ ಅಲಿಗೆ ಸ್ಥಾನ ದೊರೆಯಲಿಲ್ಲ. ಆದರೆ ಅದನ್ನು ತಂದವನು ಅಲಿಯೇ ಎಂಬುದನ್ನು ವ್ಯಾಲೇಸನು ತನ್ನ ಗ್ರಂಥದಲ್ಲಿ ಮರೆಯದೆ ದಾಖಲಿಸಿದನು.

ಅದೇ 1858ರಲ್ಲಿ ಜೀವವಿಕಾಸಕ್ಕೆ ಕಾರಣವಾದ ನೈಸರ್ಗಿಕ ಆಯ್ಕೆಯ ತತ್ತ್ವವನ್ನು ಅವನು ಸ್ವತಂತ್ರವಾಗಿ ಕಂಡುಕೊಂಡು, ಡಾರ್ವಿನ್ನನಿಗೆ ಬರೆದು ಕಳುಹಿಸಿದನು. ಜುಲೈ 1ರಂದು ಇಬ್ಬರ ಬರಹಗಳನ್ನೂ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು.

ವ್ಯಾಲೇಸನು 1913ರ ನವೆಂಬರ್ 7ರಂದು ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ನಿಧನನಾದನು. ಒಂದು ಪಕ್ಷಿಯನ್ನು ಅರಿಯಬೇಕಾದರೆ ಅದರ ರೂಪದೊಡನೆ ನೆಲೆಯನ್ನೂ ಅರಿಯಬೇಕೆಂಬ ಪಾಠವನ್ನು ಅವನ ಜೀವನವು ನಮಗೆ ಕಲಿಸುತ್ತದೆ.