ಕಹಾಲ್ ಕಂಡ ತೋಟ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಅಡಿಕೆ ಮರವನ್ನು ಅಪ್ಪಿ ಮೇಲೇರುವ ಕಾಳುಮೆಣಸಿನ ಬಳ್ಳಿಯನ್ನು ಬಲ್ಲವರಿಗೆ, ಸ್ಪೇನಿನ ವಿಜ್ಞಾನಿ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಬಿಡಿಸಿದ ಮಿದುಳಿನ ಚಿತ್ರಗಳು ಅಪರಿಚಿತವೆನಿಸಲಾರವು. ಅನುಮಸ್ತಿಷ್ಕದ ದೊಡ್ಡ ನರಕೋಶವೊಂದು ಕೊಂಬೆ ಚಾಚಿ ನಿಂತಿದೆ; ಕೆಳಗಿನಿಂದ ಬಂದ ನರತಂತುವೊಂದು ಅದನ್ನು ಸುತ್ತಿಕೊಂಡು ಹಬ್ಬಿದೆ. ಬಳ್ಳಿ ಎಷ್ಟೇ ಬಿಗಿಯಾಗಿ ಅಪ್ಪಿದರೂ ಮರ ಮರವೇ, ಬಳ್ಳಿ ಬಳ್ಳಿಯೇ. ಇಡೀ ನರಮಂಡಲ ಕಡಿತವಿಲ್ಲದ ಒಂದೇ ಬಲೆಯೆಂದು ಆ ಕಾಲದ ಅನೇಕ ಪಂಡಿತರು ನಂಬಿದ್ದರು. ಅದು ಬಿಡಿಬಿಡಿ ಕೋಶಗಳ ಸಮೂಹವೆಂದು ಕಹಾಲ್ ತೋರಿಸಿಕೊಟ್ಟರು.

ಅವರು 1852ರಲ್ಲಿ ಉತ್ತರ ಸ್ಪೇನಿನ ಒಂದು ಗುಡ್ಡಗಾಡಿನ ಹಳ್ಳಿಯಲ್ಲಿ ಜನಿಸಿದರು. ತಂದೆ ಹಳ್ಳಿಯ ಶಸ್ತ್ರವೈದ್ಯ. ಮಗನಿಗೆ ಚಿತ್ರಕಾರನಾಗುವ ಹಂಬಲ. ಅದನ್ನು ಬಿಡಿಸಲು ತಂದೆ ಅವನನ್ನು ಕ್ಷೌರಿಕನ ಬಳಿ, ಚಮ್ಮಾರನ ಬಳಿ ಕೆಲಸಕ್ಕೆ ಹಚ್ಚಿದ್ದೂ ಉಂಟು. ಕೊನೆಗೆ ಹಳೆಯ ಸ್ಮಶಾನದ ಮೂಳೆಗಳನ್ನು ತಂದು ಅಂಗರಚನೆ ಕಲಿಸಿದಾಗ ಹುಡುಗನ ಕುಂಚಕ್ಕೂ ತಂದೆಯ ಆಸೆಗೂ ರಾಜಿಯಾಯಿತು. 1873ರಲ್ಲಿ ವೈದ್ಯ ಪದವಿ, ನಂತರ ಕ್ಯೂಬಾದಲ್ಲಿ ಸೇನಾ ವೈದ್ಯವೃತ್ತಿ. ಅಲ್ಲಿಂದ ಅವರು ತಂದದ್ದು ಮಲೇರಿಯಾದಿಂದ ಜರ್ಝರಿತವಾದ ದೇಹವನ್ನು.

1885ರಲ್ಲಿ ಕಾಲರಾ ಹಬ್ಬಿದಾಗ ಅವರು ನಡೆಸಿದ ಅಧ್ಯಯನಕ್ಕಾಗಿ ಸಾರಗೋಸಾದ ಪ್ರಾಂತೀಯ ಆಡಳಿತ ಅವರಿಗೆ ಉತ್ತಮವಾದ ಝೈಸ್ ಸೂಕ್ಷ್ಮದರ್ಶಕವೊಂದನ್ನು ಕೊಡುಗೆಯಾಗಿ ನೀಡಿತು. ಈ ಸಂಗತಿಯನ್ನು ಓದುವಾಗಲೆಲ್ಲ ನನಗೆ ಇರಿಸುಮುರಿಸಾಗುತ್ತದೆ. ಸೇವೆಯಲ್ಲಿದ್ದಾಗ, ಘಟ್ಟದ ಮೇಲಿನ ಕಾಲೇಜೊಂದರ ಉಪನ್ಯಾಸಕರು ಸೂಕ್ಷ್ಮದರ್ಶಕಕ್ಕಾಗಿ ಸಲ್ಲಿಸಿದ ಪ್ರಸ್ತಾವ ನನ್ನ ಮೇಜಿಗೆ ಬಂದಿತ್ತು. ವಿದ್ಯಾರ್ಥಿಗಳ ಸಂಖ್ಯೆಗೆ ಹೋಲಿಸಿದರೆ ವೆಚ್ಚ ಅಧಿಕವೆಂದು ಷರಾ ಬರೆದು ಕಡತ ಹಿಂದಿರುಗಿಸಿದೆ. ಅರ್ಥಶಾಸ್ತ್ರ ಓದಿದವನಿಗೆ ಆ ಲೆಕ್ಕ ಅಂದು ಸರಿಯಾಗಿಯೇ ಕಂಡಿತ್ತು.

ಇಟಲಿಯ ಕ್ಯಾಮಿಲೊ ಗಾಲ್ಗಿ ಬೆಳ್ಳಿಯ ಲವಣದಿಂದ ಕೆಲವೇ ನರಕೋಶಗಳು ಕಪ್ಪಾಗಿ ಎದ್ದುಕಾಣುವ ವಿಧಾನವನ್ನು 1873ರಲ್ಲೇ ಪ್ರಕಟಿಸಿದ್ದರು. ಕಹಾಲ್ ಅದನ್ನು ಕಂಡದ್ದು 1887ರಲ್ಲಿ. ಬೆಳೆದ ಮಿದುಳು ದಟ್ಟಕಾಡು. ಅದರಲ್ಲಿ ಒಂದು ಮರದ ಬೇರನ್ನು ಗುರುತಿಸುವುದು ಕಷ್ಟ. ಆದ್ದರಿಂದ ಅವರು ಸಸಿಮಡಿಗೆ ಹೋದರು, ಅಂದರೆ ಭ್ರೂಣಗಳ ಹಾಗೂ ಎಳೆಯ ಪ್ರಾಣಿಗಳ ಮಿದುಳನ್ನು ಆರಿಸಿಕೊಂಡರು. 1888ರಲ್ಲಿ ಬಾರ್ಸಿಲೋನಾದಲ್ಲಿ ಕೈಯಿಂದ ಹಣ ಹಾಕಿ ತಮ್ಮದೇ ಪತ್ರಿಕೆ ಹೊರಡಿಸಿದರು. ಅಚ್ಚಾದದ್ದು 60 ಪ್ರತಿ. ಸ್ಪ್ಯಾನಿಷ್ ಭಾಷೆಯ ವಿಜ್ಞಾನ ಲೇಖನವನ್ನು ಹೊರಗೆ ಓದುವವರೇ ವಿರಳ. ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. 1889ರಲ್ಲಿ ಅವರು ತಮ್ಮ ಗಾಜಿನ ಫಲಕಗಳನ್ನು ಕಟ್ಟಿಕೊಂಡು ಬರ್ಲಿನ್ನಿಗೆ ಹೋಗಿ, ಬಂದವರನ್ನೆಲ್ಲ ಕರೆದು ತೋರಿಸಿದರು. ಹಿರಿಯ ವಿದ್ವಾಂಸ ಕೋಲಿಕರ್ ನೋಡಿ ಮನಸೋತರು.

ನನ್ನಂಥವನನ್ನು ಹೆಚ್ಚು ಸೆಳೆಯುವುದು ಅವರ ಇನ್ನೊಂದು ವಿಚಾರ. ನರಕೋಶಗಳ ಆಕಾರ, ನೆಲೆಗಳೆಲ್ಲ ಜಾಗ, ಕಾಲ, ದ್ರವ್ಯ ಈ ಮೂರರ ಮಿತವ್ಯಯಕ್ಕೆ ಒಳಪಟ್ಟಿವೆ ಎಂಬುದು ಅವರ ನಿಲುವು. ನಮ್ಮ ಶಾಸ್ತ್ರದವರು ಇದನ್ನು ಓದಿದರೆ ಹಿಗ್ಗುತ್ತಾರೆ. ಆದರೆ ಅವರ ಮಿತವ್ಯಯ ನನ್ನ ಷರಾದ ಮಿತವ್ಯಯವಲ್ಲ.

1906ರ ನೊಬೆಲ್ ಪ್ರಶಸ್ತಿಯನ್ನು ಗಾಲ್ಗಿ ಮತ್ತು ಕಹಾಲ್ ಹಂಚಿಕೊಂಡರು. ಗಾಲ್ಗಿ ತಮ್ಮ ಪ್ರಶಸ್ತಿ ಭಾಷಣದಲ್ಲೇ ಕಹಾಲರ ಸಿದ್ಧಾಂತವನ್ನು ಅಲ್ಲಗಳೆದರು. ಕಹಾಲ್ 1934ರ ಅಕ್ಟೋಬರಿನಲ್ಲಿ ನಿಧನರಾದರು. ಕೋಶಕ್ಕೂ ಕೋಶಕ್ಕೂ ನಡುವೆ ನಿಜಕ್ಕೂ ಸಂದಿ ಇದೆಯೆಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ್ದು 1950ರ ದಶಕದಲ್ಲಿ, ಅವರು ತೀರಿಕೊಂಡು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ.