ಎಡ್ಗರ್ ಕಾಡ್ ಮತ್ತು ನನ್ನ ಟೇಬಲ್‌ನ ಹೆಸರು

ಎಡ್ಗರ್ ಕಾಡ್ ಅವರ ಜೀವನವನ್ನು ನಾನು ಹುಡುಕಿ ಓದಿದ್ದು ಒಂದು ಪೇಚಿಗೆ ಸಿಕ್ಕಿದ ಮೇಲೆ.

ದಟ್ಟಗಳ್ಳಿಯ ನಮ್ಮ ಮನೆಯಲ್ಲಿ, ಅಣ್ಣನ ಹಳೆಯ ಲ್ಯಾಪ್‌ಟಾಪ್‌ನಲ್ಲಿ, ನೆರೆಹೊರೆಯ ರಕ್ತದಾನಿಗಳ ಪಟ್ಟಿಯನ್ನು ಪ್ರಾಜೆಕ್ಟ್‌ಗಾಗಿ ಮಾಡಿದ್ದೆ. ರಕ್ತದ ಗುಂಪುಗಳ ಟೇಬಲ್‌ಗೆ ‘ಗ್ರೂಪ್’ ಎಂದು ಹೆಸರಿಟ್ಟೆ, ದೋಷ ಬಂತು. ‘ಗ್ರೂಪ್ಸ್’ ಎಂದೆ, ಒಪ್ಪಿಕೊಂಡಿತು. ಮರುದಿನ ಲ್ಯಾಬ್‌ನಲ್ಲಿ ಅದೂ ನಡೆಯಲಿಲ್ಲ. ಯಾರಿಗಾದರೂ ತುರ್ತಾಗಿ ರಕ್ತ ಬೇಕಾದಾಗ ಪಟ್ಟಿ ಹೀಗೆ ಕೈಕೊಟ್ಟರೆ ಗತಿಯೇನು ಎಂದು ಹೆದರಿಕೆಯಾಯಿತು.

ಟೇಬಲ್ ಎಂಬ ಈ ಕಲ್ಪನೆಯ ಮೂಲಪುರುಷರೇ ಕಾಡ್. ಅವರು 1923ರಲ್ಲಿ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್‌ನಲ್ಲಿ, ಏಳು ಮಕ್ಕಳಲ್ಲಿ ಕಿರಿಯವರಾಗಿ ಜನಿಸಿದರು. ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದರು. ಯುದ್ಧಾನಂತರ ಅಮೆರಿಕಕ್ಕೆ ಹೋಗಿ 1949ರಲ್ಲಿ ಐಬಿಎಂ ಸೇರಿದರು. ಸೆನೆಟರ್ ಮೆಕಾರ್ಥಿಯ ರಾಜಕೀಯಕ್ಕೆ ಬೇಸತ್ತು 1953ರಲ್ಲಿ ಕೆನಡಾಕ್ಕೆ ತೆರಳಿ, ಕೆಲವು ವರ್ಷಗಳ ನಂತರ ಮರಳಿದರು. ನಲವತ್ತು ದಾಟಿದ ಮೇಲೆ, 1965ರಲ್ಲಿ ಪಿಎಚ್.ಡಿ. ಪಡೆದರು.

1970ರಲ್ಲಿ ಅವರು ಬರೆದ ಪ್ರಬಂಧ ದತ್ತಾಂಶ ಜಗತ್ತನ್ನೇ ಬದಲಿಸಿತು. ಮಾಹಿತಿ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬುದು ಬಳಸುವವರಿಗೆ ತಿಳಿಯಬೇಕಿಲ್ಲ. ಟೇಬಲ್‌ನ ಹೆಸರು, ಕಾಲಂನ ಹೆಸರು, ಕೀ ಇಷ್ಟು ಗೊತ್ತಿದ್ದರೆ ಸಾಕು ಎಂಬುದು ಅದರ ತಿರುಳು. ಅಂದರೆ ಹೆಸರೇ ಬಾಗಿಲು. ಈ ಕಲ್ಪನೆಯ ಮೇಲೆ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬುವರು ರೂಪಿಸಿದ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ಅದು ತಮ್ಮ ಸಿದ್ಧಾಂತವನ್ನು ಪೂರ್ತಿ ಪಾಲಿಸುತ್ತಿಲ್ಲವೆಂದು ಕಾಡ್ ಟೀಕಿಸಿದರು. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. 2003ರಲ್ಲಿ, ನಾವು ಯಾರೂ ಹುಟ್ಟುವ ಮೊದಲೇ, ನಿಧನರಾದರು.

ನನ್ನ ತಪ್ಪು ಆಗ ಅರ್ಥವಾಯಿತು. ಸೆಲೆಕ್ಟ್, ಆರ್ಡರ್, ಗ್ರೂಪ್ ಮುಂತಾದ ಪದಗಳನ್ನು ಎಸ್‌ಕ್ಯೂಎಲ್ ತನ್ನ ಆಜ್ಞೆಗಳಿಗೆಂದು ಕಾಯ್ದಿರಿಸಿಕೊಂಡಿದೆ. ಅವನ್ನೇ ಟೇಬಲ್‌ಗೆ ಇಟ್ಟರೆ ಆಜ್ಞೆ ಯಾವುದು, ಹೆಸರು ಯಾವುದು ಎಂದು ಅದಕ್ಕೆ ತಿಳಿಯದು. ಆ ಪಟ್ಟಿ ಬೆಳೆಯುತ್ತಲೂ ಇರುತ್ತದೆ: ಮೈಎಸ್‌ಕ್ಯೂಎಲ್ 5.7ರಲ್ಲಿ ನಡೆಯುತ್ತಿದ್ದ ‘ಗ್ರೂಪ್ಸ್’, ‘ರ‍್ಯಾಂಕ್’ ಹೆಸರುಗಳು 8ನೇ ಆವೃತ್ತಿಯಲ್ಲಿ ಕಾಯ್ದಿರಿಸಿದ ಪದಗಳಾದವು. ಮನೆಯಲ್ಲಿದ್ದುದು ಹಳೆಯದು, ಲ್ಯಾಬ್‌ನಲ್ಲಿದ್ದುದು ಹೊಸದು.

ಕೀಬೋರ್ಡಿನಲ್ಲಿ 1ರ ಎಡಕ್ಕಿರುವ ಬ್ಯಾಕ್‌ಟಿಕ್ ಚಿಹ್ನೆಯೊಳಗೆ ಹೆಸರು ಬರೆದರೆ ಕೆಲಸ ನಡೆಯುತ್ತದೆ. ಆದರೆ ಪ್ರತಿ ಸಾಲಿನಲ್ಲೂ ನೆನಪಿಟ್ಟು ಬರೆಯಬೇಕು. ಒಮ್ಮೆ ಮರೆತರೂ ದೋಷ. ಹೆಸರನ್ನೇ ಬದಲಿಸುವುದು ಲೇಸು. ನನ್ನ ಟೇಬಲ್ ಈಗ ‘ರಕ್ತಗುಂಪು’. ಎಸ್‌ಕ್ಯೂಎಲ್‌ನ ಆಜ್ಞೆಗಳೆಲ್ಲ ಇಂಗ್ಲಿಷ್ ಪದಗಳು. ಈ ಕನ್ನಡ ಹೆಸರಿನ ತಂಟೆಗೆ ಅವು ಬರಲಾರವು.