ಜಕಣಾಚಾರಿ

ಜಕಣಾಚಾರಿ (ಜಕ್ಕಣಾಚಾರ್ಯ, ಅಮರಶಿಲ್ಪಿ ಜಕಣಾಚಾರಿ) ಕರ್ನಾಟಕದ ಐತಿಹ್ಯಗಳಲ್ಲಿ ಪ್ರಸಿದ್ಧನಾದ ಶಿಲ್ಪಿ. ಕಲ್ಯಾಣದ ಚಾಲುಕ್ಯರ ಹಾಗೂ ಹೊಯ್ಸಳರ ಕಾಲದ ಅನೇಕ ದೇವಾಲಯಗಳನ್ನು ಇವನೇ ನಿರ್ಮಿಸಿದನೆಂದು ಜನಪ್ರತೀತಿ. ತುಮಕೂರಿನ ಸಮೀಪದ ಕೈದಾಳ ಇವನ ಹುಟ್ಟೂರೆಂದು ನಂಬಲಾಗಿದೆ. ರಾಜ್ಯದ ಶಿಲ್ಪಿಗಳಿಗೆ ಕರ್ನಾಟಕ ಸರ್ಕಾರ ನೀಡುವ ಪ್ರಶಸ್ತಿಗೆ ಇವನ ಹೆಸರನ್ನಿಡಲಾಗಿದೆ.

ಐತಿಹ್ಯ

ಕೈದಾಳದ ಹಳೆಯ ಹೆಸರು ಕ್ರೀಡಾಪುರ. ಅಲ್ಲಿ ಹುಟ್ಟಿದ ಜಕಣಾಚಾರಿ ಮದುವೆಯಾದ ಕೆಲಕಾಲದಲ್ಲೇ ಶಿಲ್ಪಕಲೆಯ ಸೆಳೆತದಿಂದ ಮನೆ ತೊರೆದನು. ಊರೂರು ಸುತ್ತಿ ದೇವಾಲಯಗಳನ್ನು ಕಟ್ಟುತ್ತ ಮನೆಯವರನ್ನೇ ಮರೆತನು. ಅವನು ಹೊರಟ ಮೇಲೆ ಹುಟ್ಟಿದ ಮಗ ಡಂಕಣನೂ ಶಿಲ್ಪಿಯಾಗಿ ಬೆಳೆದು, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದು ಅಲ್ಲಿ ಕೆಲಸಕ್ಕೆ ಸೇರಿದನು.

ಜಕಣಾಚಾರಿ ಕಡೆದ ಚೆನ್ನಿಗರಾಯನ ವಿಗ್ರಹದಲ್ಲಿ ದೋಷವಿದೆಯೆಂದು ಈ ತರುಣ ಹೇಳಿದನು. ದೋಷ ತೋರಿಸಿದರೆ ತನ್ನ ಬಲಗೈಯನ್ನೇ ಕಡಿದುಕೊಳ್ಳುವುದಾಗಿ ಜಕಣಾಚಾರಿ ಪಣ ತೊಟ್ಟನು. ವಿಗ್ರಹಕ್ಕೆ ಗಂಧ ಲೇಪಿಸಿದಾಗ ಹೊಕ್ಕುಳ ಭಾಗವನ್ನು ಬಿಟ್ಟು ಉಳಿದೆಲ್ಲ ಕಡೆ ಅದು ಒಣಗಿತು. ಆ ಜಾಗವನ್ನು ಒಡೆದು ನೋಡಿದಾಗ ಒಳಗೆ ನೀರೂ ಕಪ್ಪೆಯೂ ಕಂಡವು. ಜಕಣಾಚಾರಿ ಕೊಟ್ಟ ಮಾತಿನಂತೆ ಕೈ ಕಡಿದುಕೊಂಡನು. ಆ ಬಳಿಕವೇ ತಂದೆ ಮಕ್ಕಳಿಗೆ ಪರಸ್ಪರ ಗುರುತಾಯಿತು. ಮುಂದೆ ದೇವರ ಆದೇಶದಂತೆ ಕ್ರೀಡಾಪುರದಲ್ಲಿ ಕೇಶವ ದೇವಾಲಯ ಕಟ್ಟಿದಾಗ ಅವನ ಕೈ ಮರಳಿ ಬಂದಿತೆಂದೂ, ಅದರಿಂದ ಊರಿಗೆ ಕೈದಾಳವೆಂಬ ಹೆಸರು ಬಂದಿತೆಂದೂ ಹೇಳಲಾಗುತ್ತದೆ.

ಇತಿಹಾಸ

ಬೇಲೂರಿನ ಕಪ್ಪೆ ಚೆನ್ನಿಗರಾಯ ಗುಡಿಯನ್ನು ಈ ಕಥೆಯೊಂದಿಗೆ ಜೋಡಿಸಲಾಗಿದೆ. ಆದರೆ ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಅಲ್ಲಿ ಕಾಣುವುದು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮೊದಲಾದವರ ಹೆಸರುಗಳು. ಐತಿಹ್ಯದಲ್ಲಿರುವಂತೆ ಇತಿಹಾಸದಲ್ಲೂ ತಂದೆ ಮಗ ಒಂದೇ ದೇವಾಲಯದಲ್ಲಿ ಕೆಲಸ ಮಾಡಿದ್ದಾರೆ. ಬೇಲೂರಿನ ದೇವಾಲಯ 1117ರದು, ಸೋಮನಾಥಪುರದ್ದು 1258ರದು. ನೂರನಲವತ್ತು ವರ್ಷಗಳ ಅಂತರವಿರುವ ಇವೆರಡೂ ಒಬ್ಬನ ಕೃತಿಗಳಾಗಿರಲು ಸಾಧ್ಯವಿಲ್ಲ. ಜಕಣಾಚಾರಿ ಎಂಬುದು ದಕ್ಷಿಣಾಚಾರ್ಯ ಎಂಬುದರ ರೂಪಾಂತರವಿರಬಹುದು, ಅದು ವ್ಯಕ್ತಿಯ ಹೆಸರಲ್ಲದೆ ಶಿಲ್ಪಿಗಳ ಪಂಗಡವನ್ನು ಸೂಚಿಸುತ್ತಿರಬಹುದು ಎಂಬ ಊಹೆಯೂ ಇದೆ.

ಕೈದಾಳದಲ್ಲಿ ಚೆನ್ನಕೇಶವ ಮತ್ತು ಗಂಗಾಧರೇಶ್ವರ ದೇವಾಲಯಗಳಿವೆ. ಒಂದನೆಯ ನರಸಿಂಹನ ಸಾಮಂತ ಗೂಳೆ ಬಾಚಿಯು ಇಲ್ಲಿ ದೇವಾಲಯಗಳನ್ನು ಕಟ್ಟಿಸಿದುದನ್ನು ಸುಮಾರು 1150ರ ಶಾಸನ ತಿಳಿಸುತ್ತದೆ.

ತಿಪಟೂರು ಸೀಮೆಯ ಶಿಲ್ಪಿಗಳು

ತಿಪಟೂರು, ತುರುವೇಕೆರೆ ಭಾಗದ ತೆಂಗಿನ ಸೀಮೆಯಲ್ಲಿಯೂ ಹೊಯ್ಸಳ ಶೈಲಿಯ ಗುಡಿಗಳಿವೆ. ತುರುವೇಕೆರೆಯ ಮೂಲೆ ಶಂಕರೇಶ್ವರ ಮತ್ತು ಚೆನ್ನಿಗರಾಯ, ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ಇವುಗಳಲ್ಲಿ ಮುಖ್ಯವಾದವು. ಅರಳಗುಪ್ಪೆಯಲ್ಲಿ ಹೊನೋಜನೆಂಬ ಶಿಲ್ಪಿಯ ಹೆಸರು ದೊರೆತಿದೆ. ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ದಕ್ಷಿಣ ಭಾಗದ ಶಿಲ್ಪಗಳು ಬೈಚೋಜನವು, ಉತ್ತರ ಭಾಗದವು ಮಲ್ಲಿತಮ್ಮನವು. ಇಂತಹ ಗುಡಿಗಳನ್ನೂ ಜಕಣಾಚಾರಿಯ ಕೆಲಸವೆಂದು ಹೇಳುವ ರೂಢಿಯಿಂದ, ಕಲ್ಲಿನ ಮೇಲೆ ಹೆಸರು ಉಳಿಸಿದ ಶಿಲ್ಪಿಗಳು ಜನರ ನೆನಪಿನಿಂದ ಮರೆಯಾದರು.

ಬಿರುದು ಮತ್ತು ಪ್ರಶಸ್ತಿ

ಹೊಯ್ಸಳ ಶಿಲ್ಪಿಗಳು ಹೆಸರಿನೊಂದಿಗೆ ತಮ್ಮ ಬಿರುದುಗಳನ್ನೂ ಕೆತ್ತಿದ್ದುಂಟು. ಅವುಗಳಲ್ಲಿ ಕೆಲವು ಎದುರಾಳಿ ಶಿಲ್ಪಿಗಳ ಮೇಲಿನ ಗೆಲುವನ್ನು ಸಾರುತ್ತವೆ. ಕಲಿಕೆ ಹೆಚ್ಚಾಗಿ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೆಲಸದ ನಡುವೆಯೇ ಸಾಗುತ್ತಿತ್ತು. ಈಗ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬಿಡದಿ ಸಮೀಪದ ಜೋಗರದೊಡ್ಡಿಯ ಕುಶಲಕರ್ಮಿ ತರಬೇತಿ ಸಂಸ್ಥೆ ಮೊದಲಾದೆಡೆ ಶಿಲ್ಪಕಲೆಯನ್ನು ಕಲಿಸಲಾಗುತ್ತಿದೆ.

ಶಿಲ್ಪಕಲೆಯಲ್ಲಿ ಗಣನೀಯ ಸಾಧನೆ ಮಾಡಿದವರಿಗೆ ರಾಜ್ಯ ಸರ್ಕಾರ ಜಕಣಾಚಾರಿ ಪ್ರಶಸ್ತಿಯನ್ನು ನೀಡುತ್ತದೆ. ಜನವರಿ 1ರಂದು ಅಮರಶಿಲ್ಪಿ ಜಕಣಾಚಾರಿ ಸಂಸ್ಮರಣಾ ದಿನವನ್ನು ಆಚರಿಸಲಾಗುತ್ತದೆ.

ಚಲನಚಿತ್ರ

ಬಿ. ಎಸ್. ರಂಗಾ ನಿರ್ದೇಶಿಸಿದ ಅಮರಶಿಲ್ಪಿ ಜಕಣಾಚಾರಿ (1964) ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ. ಕಲ್ಯಾಣ್ ಕುಮಾರ್ ಮತ್ತು ಬಿ. ಸರೋಜಾದೇವಿ ಇದರ ಮುಖ್ಯ ಪಾತ್ರಗಳಲ್ಲಿ ಅಭಿನಯಿಸಿದ್ದಾರೆ.